ವಿಳಾಸ ಸಿಕ್ಕ ಮನೆ

ಕೋಡಿಹೊಲ ಬಡಾವಣೆ, ತಣಿಸಂದ್ರ
12 ಫೆಬ್ರವರಿ 2024

ನಿವಾಸಿಗಳ ಸಂಘದ ಅಧ್ಯಕ್ಷ ಮುನಿರಾಮಯ್ಯನಿಗೆ,

ನಾನು ಕ್ಷೇಮವಾಗಿಲ್ಲ. ನೀನೂ ಕ್ಷೇಮವಾಗಿರಬಾರದು ಅಂತಲೇ ಈ ಕಾಗದ.

ನಿನ್ನ ಮನೆ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಬಂದು ಬಾಗಿಲಲ್ಲೇ ನಿಂತು ಬಯ್ಯಬಹುದಿತ್ತು. ಆದರೆ ಬಾಯಲ್ಲಿ ಬೈದದ್ದು ನಿನಗೆ ತಾಗುವುದಿಲ್ಲ. ಅರವತ್ತು ವರ್ಷದಿಂದ ನೋಡಿದ್ದೇನೆ, ತಲೆ ಆಡಿಸಿ ಬೀಡಿ ಹಚ್ಚುತ್ತೀಯ. ಪಾರ್ಕಿನ ಗೇಟಿಗೆ ತಗುಲಿಹಾಕಿದ ದೂರಿನ ಪೆಟ್ಟಿಗೆಗೆ ಬಿದ್ದ ಕಾಗದಕ್ಕೆ ಏಳು ದಿನದೊಳಗೆ ಕಾಗದದಲ್ಲೇ ಉತ್ತರ ಕೊಡಬೇಕು ಅಂತ ಸಂಘದ ನಿಯಮ. ಕೊಡು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಎಮ್ಮೆ ಹಿಂದೆ ಹೋದವನು ನಾನು. ಅಕ್ಷರ ಸೊಟ್ಟಗಿದ್ದರೆ ಓದುವ ಕಷ್ಟ ನಿನ್ನದು.

ನಿನ್ನೆ ಭಾನುವಾರ ಬೆಳಿಗ್ಗೆ ಸೋಲದೇವನಹಳ್ಳಿಯಿಂದ ಬೀಗರು ಬಂದಿದ್ದರು. ಮೊಮ್ಮಗಳು ಬಿಂದುಶ್ರೀಗೆ ಧಾರೆ ಸೀರೆ ಕೊಡಿಸಲು ಕರೆದುಕೊಂಡು ಹೋಗುವವರಿದ್ದರು. ತಟ್ಟೆಯಲ್ಲಿ ಉಪ್ಪಿಟ್ಟು ಇನ್ನೂ ಹೊಗೆಯಾಡುತ್ತಿತ್ತು. ದೂರದಲ್ಲಿ ತಮಟೆ ಸದ್ದು ಕೇಳಿತು. ಬೀಗಿತ್ತಿ ಕಿವಿಗೊಟ್ಟು, "ಏನಣ್ಣ, ನಿಮ್ ಕಡೆ ಊರಬ್ಬವಾ?" ಅಂದರು.

ನಾನು ಮೀಸೆ ಮೇಲೆ ಕೈಯಾಡಿಸಿ ಹೇಳಿದೆ: "ಅಬ್ಬ ಅಲ್ಲ ಕಣಮ್ಮ, ನಮ್ ಸಂಘದೋರು. ಟ್ರಾನ್ಸ್‌ಫಾರ್ಮರ್ ಕೆಳಗೆ ಕದ್ದು ಕಸ ಬಿಸಾಕ್ತಾರಲ್ಲ, ಆ ಚೀಲ ಬಿಚ್ಚಿ ವಿಳಾಸ ಉಡುಕಿ, ಅವರ ಮನೆ ಮುಂದೇನೇ ಸುರಿದು ತಮಟೆ ಬಡೀತೀವಿ. ಇದನ್ನ ಶುರು ಮಾಡಿದ್ದೇ ನಾನು. ಇವತ್ತು ನೀವು ಬಂದ್ರಿ ಅಂತ ಓಗಿಲ್ಲ."

ತಮಟೆ ಹತ್ತಿರ ಬಂತು. ನಮ್ಮ ಗೇಟಿನ ಮುಂದೆಯೇ ನಿಂತಿತು.

ಕೇಬಲ್ ಗಿರಿ ಚೀಲ ಸುರಿದ. ಹಳಸಿದ ಇಡ್ಲಿ, ಚಟ್ನಿ ಪೊಟ್ಟಣ, ಬೀಡಿ ತುಂಡು, ಅದರ ಮೇಲೆ ನಮ್ಮ ಬಿಂದುಶ್ರೀ ಮದುವೆಯ ಲಗ್ನಪತ್ರಿಕೆ. ಅದರಲ್ಲಿದ್ದ ನನ್ನ ಹೆಸರನ್ನೂ ಮನೆ ನಂಬರನ್ನೂ ಅವನು ಕೂಗಿ ಓದಿದ. ನೀನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಮಧ್ಯಾಹ್ನದೊಳಗೆ ಅದರ ಫೋಟೊ ಸಂಘದ ವಾಟ್ಸಾಪಿನಿಂದ ಹಾರಿ ಬೀಗರ ಮನೆ ತಲುಪಿತ್ತು.

ಅಯ್ಯಾ ಬುದ್ಧಿವಂತ, ಲಗ್ನಪತ್ರಿಕೆಯಲ್ಲಿ ಇರುವುದು ಕರೆದವನ ವಿಳಾಸ. ಕರೆಸಿಕೊಂಡವನದ್ದಲ್ಲ. ನನ್ನ ಮನೆಯಲ್ಲಿ ಮದುವೆ ಇಟ್ಟುಕೊಂಡು ನಾನೇ ಯಾಕೆ ಪತ್ರಿಕೆಯನ್ನು ತಿಪ್ಪೆಗೆ ಹಾಕಲಿ? ಕರೆಸಿಕೊಂಡವನ ಹೆಸರು ಲಕೋಟೆಯ ಮೇಲೆ ಇರುತ್ತದೆ. ಬಿಂದುಶ್ರೀ ಒಂದೊಂದನ್ನೂ ಕೈಯಾರೆ ಬರೆದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದಾಳೆ. ಆ ಲಕೋಟೆ ಕೊಡು. ಹೆಸರು ಸಿಕ್ಕಿದ ದಿನ ಆ ಮನೆ ಮುಂದೆ ತಮಟೆಯ ಚರ್ಮ ಹರಿಯುವವರೆಗೆ ಬಡಿಯುತ್ತೇನೆ. ಅವನ ಬೀಗರನ್ನೂ ಕರೆಸಿ ಮುಂದೆ ಕೂರಿಸಿಕೊಂಡು ಬಡಿಯುತ್ತೇನೆ.

ಇಂತಿ ನಿನ್ನ ಗೆಳೆಯ ಆಗಿದ್ದವನು,
ಚಿಕ್ಕಬೈರಪ್ಪ


ಕೋಡಿಹೊಲ ನಿವಾಸಿಗಳ ಸಂಘ
18 ಫೆಬ್ರವರಿ 2024

ಶ್ರೀ ಚಿಕ್ಕಬೈರಪ್ಪನವರಿಗೆ,

ತಮ್ಮ ದೂರು ತಲುಪಿದೆ.

ಸಂಘದ ಸ್ವಯಂಸೇವಾ ಕೆಲಸದ ನಾಲ್ಕನೇ ನಿಯಮ ಹೀಗಿದೆ: "ವಿಳಾಸ ಸಿಕ್ಕ ಮನೆಯೇ ಕಸದ ಮನೆ. ವಿಚಾರಣೆ ಇಲ್ಲ, ವಿನಾಯಿತಿ ಇಲ್ಲ." ಮೂರು ವರ್ಷದ ಹಿಂದೆ ಇದನ್ನು ಬಾಯಿಬಿಟ್ಟು ಹೇಳಿ ಬರೆಸಿದವರು ತಾವೇ. "ಕೇಳ್ತಾ ಕೂತ್ರೆ ಎಲ್ರೂ ನಂದಲ್ಲ ಅಂತಾರೆ" ಎಂಬ ತಮ್ಮ ಮಾತೂ ಸಭೆಯ ಪುಸ್ತಕದಲ್ಲಿದೆ.

ಚೀಲದಲ್ಲಿ ಲಕೋಟೆ ಇರಲಿಲ್ಲ.

ತಮ್ಮ ಮೊಮ್ಮಗಳ ಮದುವೆಗೆ ಸಂಘದ ಶುಭಾಶಯಗಳು.

ತಮ್ಮ ವಿಶ್ವಾಸಿ,
ಮುನಿರಾಮಯ್ಯ, ಅಧ್ಯಕ್ಷ


ತಣಿಸಂದ್ರ
26 ಫೆಬ್ರವರಿ 2024

ಮುನಿರಾಮಯ್ಯ,

ತಮ್ಮ, ತಾವು, ತಮಗೆ! ಒಂದೇ ಬಾವಿಯಲ್ಲಿ ಈಜು ಕಲಿತವನಿಗೆ ಬಹುವಚನ. ಇದಕ್ಕಿಂತ ನೀನು ಬೈದಿದ್ದರೆ ಚೆನ್ನಾಗಿತ್ತು.

ಲಕೋಟೆ ಇರಲಿಲ್ಲ ಅಂದೆ. ಇರಲಿ. ನಾನೇ ಹುಡುಕುತ್ತಿದ್ದೇನೆ. ಈ ಬಡಾವಣೆಯಲ್ಲಿ ಕೊಟ್ಟಿದ್ದು ಇಪ್ಪತ್ತಾರು ಪತ್ರಿಕೆ. ದಿನಕ್ಕೆ ನಾಲ್ಕು ಮನೆಯಂತೆ ಹೋಗುತ್ತೇನೆ. "ಪತ್ರಿಕೇಲಿ ನಮ್ ಬಾವನ ಎಸರು ತಪ್ಪು ಬಿದ್ದೈತೆ, ಕೊಡಿ, ಪೆನ್ನಲ್ಲಿ ತಿದ್ದಿ ಕೊಡ್ತೀನಿ" ಅಂತ ಕೇಳುತ್ತೇನೆ. ದೇವರ ಪಟ ಇರುವ, ಅರಿಶಿನ ಹಚ್ಚಿದ ಪತ್ರಿಕೆಯನ್ನು ಮದುವೆ ಮುಗಿಯುವ ಮುಂಚೆ ಯಾರೂ ಎಸೆಯುವುದಿಲ್ಲ. ಎಸೆದವನೊಬ್ಬನೇ ತಡವರಿಸುತ್ತಾನೆ.

ಇಲ್ಲಿಯವರೆಗೆ ಯಾರೂ ತಡವರಿಸಿಲ್ಲ. ಟೈಲರ್ ಖಾದರ್ ಬಾಷಾ ಹೊಲಿಗೆ ಮಿಷಿನ್ನಿನ ಹಿಂದೆ ಗೋಡೆಗೆ ಮೊಳೆ ಹೊಡೆದು ತಗುಲಿಸಿದ್ದಾನೆ, ತಾರೀಕು ಮರೆಯಬಾರದು ಅಂತ. "ಬೈರಪ್ಪೋರೇ, ಆವತ್ತು ನಿಮ್ ಮನೆ ಮುಂದೆ ಅದೇನ್ ಗಲಾಟೆ? ನಂಗೆ ಬೇಜಾರಾಯ್ತು" ಅಂದ. ಅವನಿಗಾದ ಬೇಜಾರು ನಿನಗೆ ಆಗಲಿಲ್ಲವಲ್ಲೋ.

ನಿನ್ನೆ ಬೀಗರ ಮನೆಯಿಂದ ಫೋನು. ಬೀಗಿತ್ತಿ ನಗುತ್ತಲೇ ಅಂದರಂತೆ: "ನಮ್ ನಿರಂಜನ್‌ಗೆ ಎಣ್ಣು ಕೊಡೋ ಮೊದ್ಲು ಕಸ ಎಲ್ಲಿ ಆಕ್ಬೇಕು ಅನ್ನೋದು ಕಲ್ಸಿ ಕಳ್ಸಿ." ಬಿಂದುಶ್ರೀ ಊಟ ಬಿಟ್ಟು ಮಲಗಿದಳು. ಅವಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡಬೇಕು ಅಂದರೆ ನನ್ನ ಮನೆಯ ಮೇಲೆ ಬಿದ್ದ ಮಾತು ಬೇರೆಯವನ ಮನೆಯ ಮೇಲೆ ಬೀಳಬೇಕು. ಬೇರೆ ದಾರಿ ಇಲ್ಲ. ನನಗೆ ಬೇಕಾಗಿಯೂ ಇಲ್ಲ.

ಇನ್ನೊಂದು. ತಮಟೆ ನನ್ನದು, ಶಿವಾಜಿನಗರದಿಂದ ತಂದದ್ದು. ಸಂಘದ ಕೋಣೆಗೆ ಹೋಗಿ ಎತ್ತಿಕೊಂಡು ಬಂದಿದ್ದೇನೆ. ಭಾನುವಾರದ ಕೆಲಸಕ್ಕೆ ಇನ್ನು ನಾನು ಬರುವುದಿಲ್ಲ. ನಾನಿಲ್ಲದೆ ಆ ತಿಪ್ಪೆಯನ್ನು ಎಷ್ಟು ದಿನ ಬಾಚುತ್ತೀರೋ ನೋಡುತ್ತೇನೆ.

ಚಿಕ್ಕಬೈರಪ್ಪ


ಕೋಡಿಹೊಲ ನಿವಾಸಿಗಳ ಸಂಘ
2 ಮಾರ್ಚ್ 2024

ಶ್ರೀ ಚಿಕ್ಕಬೈರಪ್ಪನವರಿಗೆ,

ತಾವು ಮನೆಮನೆಗೆ ಹೋಗಿ ಪತ್ರಿಕೆ ಕೇಳುವುದನ್ನು ನಿಲ್ಲಿಸಬೇಕೆಂದು ಇಬ್ಬರು ನಿವಾಸಿಗಳು ಕೇಳಿಕೊಂಡಿದ್ದಾರೆ. ಮೂರನೇ ಅಡ್ಡರಸ್ತೆಯ ಜಬೀನ್ ಅವರು, "ತಾತ ಫ್ರಿಜ್ಜಿನ ಮೇಲೂ ಕೈಯಾಡಿಸಿದ್ರು" ಎಂದಿದ್ದಾರೆ.

ಹೋದ ಭಾನುವಾರ ಕೆಲಸಕ್ಕೆ ಬಂದವರು ಮೂವರು. ತಿಪ್ಪೆ ಮೊಣಕಾಲೆತ್ತರ ಬೆಳೆದಿದೆ. ತಾವು ಬಂದರೆ ಅನುಕೂಲ.

ನಾಳೆಯ ಮದುವೆಗೆ ಬರಲಾಗುತ್ತಿಲ್ಲ. ಬಾಗಲೂರಿನಲ್ಲಿ ಮಗಳು ವೇದಾಳ ಮನೆಗೆ ಹೋಗುವುದಿದೆ. ನಮ್ಮ ಮನೆಯವಳು ಮುನಿಶಾಮಮ್ಮ ಇನ್ನೂ ಅಲ್ಲೇ ಇದ್ದಾಳೆ. ತಮಗೆ ಅದು ನೆನಪಿದೆಯೋ ಇಲ್ಲವೋ.

ಮುನಿರಾಮಯ್ಯ


ತಣಿಸಂದ್ರ
18 ಮಾರ್ಚ್ 2024

ಮುನಿರಾಮಯ್ಯ,

ಮದುವೆ ಆಯಿತು. ಮೊಮ್ಮಗಳು ಹೋದಳು. ಹೋದ ಮೂರನೇ ದಿನಕ್ಕೆ ಅಲ್ಲಿ ಅವಳ ಮೇಲೊಂದು ಗೇಲಿ ಶುರುವಾಗಿದೆ. ಬಾಗಿಲಿಗೆ ಕಸದ ಗಾಡಿ ಬಂದರೆ ನಾದಿನಿ ಕೂಗುತ್ತಾಳಂತೆ: "ಅತ್ತಿಗೆ, ನಿಮ್ಮಪ್ಪನ ಮನೆ ಕಡೆಯೋರು ಬಂದವ್ರೆ!" ಹುಡುಗಿ ನಗುತ್ತಲೇ ಹೇಳಿದಳು ನನಗೆ. ಅಂಥ ನಗು ಹೇಗಿರುತ್ತದೆ ಅಂತ ನಿನಗೆ ಗೊತ್ತಿದ್ದರೆ ಇಷ್ಟು ದಿನ ಸುಮ್ಮನೆ ಕೂರುತ್ತಿರಲಿಲ್ಲ.

ಇಪ್ಪತ್ತಾರರಲ್ಲಿ ಇಪ್ಪತ್ತೈದು ಪತ್ರಿಕೆ ಕಣ್ಣಾರೆ ನೋಡಿದೆ. ಉಳಿದದ್ದು ಒಂದು. ಅದನ್ನು ಯಾರಿಗೆ ಕೊಟ್ಟೆ ಅಂತ ಯೋಚಿಸುವುದೇ ಬೇಕಾಗಲಿಲ್ಲ. ಎಲ್ಲರಿಗಿಂತ ಮೊದಲು ಕೊಟ್ಟದ್ದು ಅದನ್ನೇ. ದೇವರ ಮುಂದೆ ಒಂದು, ಆಮೇಲೆ ನಿನಗೆ.

ಮೂರ್ಖ ನಾನು. ಆ ಕಸವನ್ನು ನನ್ನ ಗೇಟಿನಿಂದ ಬಾಚಿದ್ದು ನಾನೇ. ಒಂದೇ ಪೊಟ್ಟಣ ಇಡ್ಲಿ, ಒಂದೇ ಚಟ್ನಿ. ನಮ್ಮ ಮನೆಯಲ್ಲಿ ಒಂಬತ್ತು ಜನ ಉಣ್ಣುತ್ತೇವೆ. ಅದು ಒಬ್ಬನೇ ಕೂತು ತಿನ್ನುವವನ ಕಸ. ಒಬ್ಬನೇ ತಿಂದು ಬೀಡಿ ಸೇದುವವನ ಕಸ. ಇಷ್ಟು ದಿನ ಊರೆಲ್ಲ ಅಲೆದೆ, ನನ್ನ ಕಾಲಬುಡದಲ್ಲಿ ಬಿದ್ದದ್ದನ್ನು ನೋಡಲಿಲ್ಲ.

ಪತ್ರಿಕೆ ತೋರಿಸು. ಲಕೋಟೆ ಸಮೇತ ತೋರಿಸು. ಇದ್ದರೆ ನಿನ್ನ ಕಾಲು ಹಿಡಿಯುತ್ತೇನೆ. ಇಲ್ಲದಿದ್ದರೆ ಮೂವತ್ತೊಂದನೇ ತಾರೀಕು ಭಾನುವಾರ ಬೆಳಿಗ್ಗೆ ಏಳೂವರೆಗೆ ನಿನ್ನ ಗೇಟಿಗೆ ಬರುತ್ತೇನೆ. ವಿಳಾಸ ಸಿಕ್ಕಿದೆ. ವಿಚಾರಣೆ ಇಲ್ಲ, ವಿನಾಯಿತಿ ಇಲ್ಲ.

ಚಿಕ್ಕಬೈರಪ್ಪ


ತಣಿಸಂದ್ರ
24 ಮಾರ್ಚ್ 2024

ಬೈರ,

ಇದು ಸಂಘದ ಕಾಗದವಲ್ಲ. ನನ್ನದು.

ಪತ್ರಿಕೆ ಇಲ್ಲ. ಲಕೋಟೆಯನ್ನು ಒಲೆಗೆ ಹಾಕಿದೆ. ಚೀಲ ಕಟ್ಟಿದ್ದು ನಾನು, ಟ್ರಾನ್ಸ್‌ಫಾರ್ಮರ್ ಕೆಳಗೆ ಇಟ್ಟಿದ್ದು ನಾನು, ಗಿರಿಗೆ "ಆ ಚೀಲ ಬಿಚ್ಚು" ಅಂದದ್ದೂ ನಾನೇ. ನಿನ್ನ ಬೀಗರು ಅವತ್ತು ಬರುತ್ತಾರೆ ಅಂತ ಗೊತ್ತಿತ್ತು. ಪತ್ರಿಕೆ ಕೊಡಲು ಬಂದಾಗ ನೀನೇ ಹೇಳಿದ್ದೆ.

ಯಾಕೆ ಅಂತ ಕೇಳುತ್ತೀಯ. ನಿಜವಾಗಿಯೂ ಕೇಳುತ್ತೀಯ, ಅದೇ ನನಗೆ ಸಂಕಟ.

ಎರಡು ವರ್ಷದ ಹಿಂದೆ, ಆಷಾಢದ ಒಂದು ಭಾನುವಾರ. ಒಂದು ಚೀಲದಲ್ಲಿ ಮುನಿಶಾಮಮ್ಮನ ಆಪರೇಷನ್ನಿನ ಆಸ್ಪತ್ರೆ ಚೀಟಿ ಸಿಕ್ಕಿತು, ಕನ್ನಡದಲ್ಲಿ ಬರೆದದ್ದು. ಮಾತ್ರೆ ತರಲು ಹೋದಾಗ ಅವಳು ಮೂಲೆಯ ಮೆಡಿಕಲ್ ಅಂಗಡಿಯಲ್ಲಿ ಅದನ್ನು ಬಿಟ್ಟು ಬಂದಿದ್ದಳು. ಅಂಗಡಿಯವನು ಗುಡಿಸಿ, ಚೀಲಕ್ಕೆ ತುಂಬಿ ಎಸೆದಿದ್ದ. ನೀನು ತಮಟೆ ಬಡಿದುಕೊಂಡು ನಮ್ಮ ಗೇಟಿಗೆ ಬಂದೆ. ಚೀಟಿ ತೆಗೆದು ಓದಿದೆ. ಬರೀ ವಿಳಾಸ ಓದಿದ್ದರೆ ಸಾಕಿತ್ತು. ನೀನು ಮೇಲಿನಿಂದ ಕೆಳಗಿನವರೆಗೆ ಓದಿದೆ. ನಿನಗೆ ಓದು ಬರುವುದು ಅಕ್ಷರ ಕೂಡಿಸಿಕೊಂಡು. ಮೆಲ್ಲಗೆ, ಬಿಡಿಬಿಡಿಯಾಗಿ, ಬೀದಿಯ ಕೊನೆಗೂ ಕೇಳುವಂತೆ ಓದಿದೆ. ಗರ್ಭಕೋಶ ಅನ್ನುವ ಒಂದು ಮಾತಿಗೆ ನೀನು ಮೂರು ಸಲ ಉಸಿರೆಳೆದುಕೊಂಡೆ. ಯಾರೋ ಹುಡುಗರು ನಕ್ಕರು. ಅವಳು ಬಾಗಿಲ ಹಿಂದೆ ನಿಂತಿದ್ದಳು.

ಆ ಸಂಜೆ ನಿನ್ನ ಮನೆಗೆ ಬಂದು, "ಆ ಚೀಲ ನಮ್ಮದಲ್ಲ ಬೈರ, ಒಂದು ಮಾತು ಕೇಳ್ಬಾರ್ದಿತ್ತಾ" ಅಂದೆ. ನೀನು, "ವಿಳಾಸ ಸಿಕ್ಕ ಮನೆಯೇ ಕಸದ ಮನೆ ಕಣಯ್ಯ. ಗೆಳೆಯ ಅಂತ ಬಿಟ್ರೆ ಊರು ಏನಂದೀತು?" ಅಂದೆ. ಅಂದು, ಮುದ್ದೆ ಮುರಿದು ಸಾರಿಗೆ ಅದ್ದಿದೆ.

ಅವಳು ಆ ವಾರವೇ ಬಾಗಲೂರಿಗೆ ಹೋದಳು. ತಿರುಗಿ ಬಂದಿಲ್ಲ. "ಆ ಬೀದೀಲಿ ಎಲ್ರೂ ನನ್ ಮುಖ ನೋಡಲ್ಲ, ಹೊಟ್ಟೆ ನೋಡ್ತಾರೆ" ಅನ್ನುತ್ತಾಳೆ. ಹೋದ ವರ್ಷ ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರು ಹೇಳಿದವನು ನೀನೇ. ನಾನು ಯಾಕೆ ಒಪ್ಪಿದೆ ಅಂತ ಈಗ ತಿಳಿದಿರಬೇಕು. ಕಾಯುತ್ತಿದ್ದೆ, ನಿನ್ನ ಮನೆಯಲ್ಲಿ ಒಂದು ಒಳ್ಳೆಯ ದಿನ ಬರಲಿ ಅಂತ.

ಹುಡುಗಿಗೆ ಆದದ್ದು ನನಗೆ ಬೇಕಿರಲಿಲ್ಲ. ಆದರೆ ಅವತ್ತು ನಿನ್ನ ಮುಖ ನೋಡಿ ನನಗೆ ಎರಡು ವರ್ಷದ ಮೇಲೆ ಮೊದಲ ಸಲ ಹಸಿವಾಯಿತು. ಸುಳ್ಳು ಹೇಳುವುದಿಲ್ಲ.

ಬಾ. ಗೇಟು ತೆಗೆದೇ ಇಟ್ಟಿರುತ್ತೇನೆ.

ಮುನಿರಾಮ


ತಣಿಸಂದ್ರ
1 ಏಪ್ರಿಲ್ 2024

ಬಾಗಲೂರಿನಲ್ಲಿರುವ ತಂಗಿ ಮುನಿಶಾಮಮ್ಮನಿಗೆ,

ನಿನಗೆ ನಾನು ಹುಟ್ಟಿದಾಗಿನಿಂದ ಕಾಗದ ಬರೆದವನಲ್ಲ. ಇವತ್ತು ಬರೆಯುತ್ತಿದ್ದೇನೆ. ನಿನ್ನೆ ನಡೆದದ್ದು ನಿನ್ನ ಕಿವಿಗೆ ಬೇರೆಯವರ ಬಾಯಿಂದ ಬೀಳುವ ಮುಂಚೆ ನನ್ನಿಂದಲೇ ಬೀಳಲಿ.

ನಿನ್ನ ಗಂಡ ಎಲ್ಲ ಬರೆದ. ಓದಿದೆ. ಚೀಟಿ ಓದಿದ್ದು ನೆನಪಿತ್ತು ಕಣಮ್ಮ. ಏನು ಓದಿದೆ ಅನ್ನುವುದು ನೆನಪಿರಲಿಲ್ಲ. ಅಕ್ಷರ ಕೂಡಿಸುವ ಅವಸರದಲ್ಲಿ ಅರ್ಥದ ಕಡೆಗೆ ನಾನು ಹೋಗುವುದೇ ಇಲ್ಲ.

ತಪ್ಪು ಅಂದರೆ ತಪ್ಪು. ಆದರೆ ನನ್ನದು ಮಾತ್ರ ತಪ್ಪು, ಅವನದು ನ್ಯಾಯ ಅಂತ ನಾನು ಒಪ್ಪುವವನಲ್ಲ. ನಿನ್ನೆ ಬೆಳಿಗ್ಗೆ ಒಣ ತೆಂಗಿನಗರಿ ಹಚ್ಚಿ ತಮಟೆ ಕಾಯಿಸಿದೆ. ಮೊದಲು ನನ್ನ ಗೇಟಿನ ಮುಂದೆಯೇ ನಿಂತು ಬಡಿದೆ. ಜನ ಸೇರಿದರು. ಗಿರಿಗೆ ಫೋನು ಹಿಡಿದು ತೆಗೆಯಲು ಹೇಳಿದೆ. ಕೂಗಿ ಹೇಳಿದೆ: "ಕೇಳ್ರಪ್ಪ! ಎರಡು ವರ್ಷದ ಇಂದೆ ಮುನಿಶಾಮಮ್ಮನ ಗರ್ಭಕೋಶದ ಚೀಟಿ ಓದಿದ್ನಲ್ಲ, ಅದು ಅವಳ ಕಸ ಅಲ್ಲ! ಆಪರೇಷನ್ ಆಗಿದ್ದು ಅವಳ ತಪ್ಪಲ್ಲ! ಮರ್ಯಾದಸ್ಥೆ! ತಪ್ಪು ನಂದು!" ಮೂರನೇ ಅಡ್ಡರಸ್ತೆಯವರೂ ಬಂದು ಕೇಳಿದರು.

ಆಮೇಲೆ ಅವರನ್ನೆಲ್ಲ ಹಿಂದಿಟ್ಟುಕೊಂಡು ನಿನ್ನ ಗಂಡನ ಗೇಟಿಗೆ ಹೋದೆ. ಬಿಳಿ ಪಂಚೆ ಉಟ್ಟು, ಮದುವೆಗೆ ಹೊರಟವನ ಹಾಗೆ ನಿಂತಿದ್ದ. ಅವನು ಮಾಡಿದ್ದನ್ನೆಲ್ಲ ಒಂದೊಂದಾಗಿ ಕೂಗಿದೆ. ಒಂದೊಂದಕ್ಕೂ ಬಡಿದೆ. ಅಂಗೈ ಬೊಬ್ಬೆ ಬಂದು ಒಡೆಯಿತು, ಆದರೂ ಬಡಿದೆ. ಅವನು ರೆಪ್ಪೆ ಹೊಡೆಯಲಿಲ್ಲ. ಕೊನೆಗೆ, "ಆಯ್ತೇನೋ?" ಅಂದ. "ಆಯ್ತು" ಅಂದೆ. ಎಷ್ಟು ಸುಖವಾಯಿತು ಅಂತ ಹೇಳಿದರೆ ನೀನು ನನ್ನನ್ನು ಕೆಟ್ಟವನು ಅನ್ನುತ್ತೀಯ. ಅನ್ನು.

ಗಿರಿ ತೆಗೆದದ್ದು ಬೀಗರ ಮನೆಗೂ ಹೋಯಿತು. ಬಿಂದುಶ್ರೀ ಫೋನು ಮಾಡಿದ್ದಳು. ಅತ್ತೆ ಅದನ್ನು ಎರಡು ಸಲ ನೋಡಿ, ಇವಳಿಗೆ ಕಾಫಿ ತಂದು ಕೊಟ್ಟರಂತೆ.

ಮುನಿರಾಮಯ್ಯನ ಜೊತೆ ನನಗೆ ಮಾತಿಲ್ಲ, ಅದು ಹಾಗೇ ಇರಲಿ. ಆದರೆ ನಿನ್ನ ಹೆಸರು ಈಗ ಬೆಳ್ಳಗಾಯಿತು. ಇನ್ನು ಬಂದುಬಿಡು.

ಇಂತಿ ನಿನ್ನ ಅಣ್ಣನಂಥವನು,
ಚಿಕ್ಕಬೈರಪ್ಪ


ಬಾಗಲೂರು
8 ಏಪ್ರಿಲ್ 2024

ಬೈರಣ್ಣನಿಗೂ ನಮ್ಮ ಯಜಮಾನರಿಗೂ,

ಇಬ್ಬರಿಗೂ ಬೇರೆ ಬೇರೆ ಬರೆಯುವಷ್ಟು ನಿಮ್ಮಲ್ಲಿ ವ್ಯತ್ಯಾಸ ಕಾಣಲಿಲ್ಲ. ವೇದಾ ಆ ಕಡೆ ಬರುತ್ತಿದ್ದಾಳೆ, ದೂರಿನ ಪೆಟ್ಟಿಗೆಗೆ ಹಾಕಲು ಕೊಟ್ಟಿದ್ದೇನೆ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಡಿ. ಜೋರಾಗಿ ಓದಬೇಡಿ.

ಬೈರಣ್ಣ, ನೀವು ನನ್ನ ಹೆಸರು ಬೆಳ್ಳಗೆ ಮಾಡಿದ್ದನ್ನು ನಾನೂ ಫೋನಿನಲ್ಲಿ ನೋಡಿದೆ. ಈ ಊರಿನ ಹಾಲಿನ ಡೈರಿಯವಳೂ ನೋಡಿದ್ದಾಳೆ. ಎರಡು ವರ್ಷದ ಹಿಂದೆ ಒಂದು ಬೀದಿಗೆ ಗೊತ್ತಿದ್ದದ್ದು ಈಗ ಬಾಗಲೂರಿಗೂ ಸೋಲದೇವನಹಳ್ಳಿಗೂ ಗೊತ್ತಾಯಿತು. ನಿಮ್ಮ ತಪ್ಪು ಒಪ್ಪಿಕೊಳ್ಳುವುದಕ್ಕೂ ನಿಮಗೆ ನನ್ನ ಹೊಟ್ಟೆಯೇ ಬೇಕಾಯಿತು.

ಇನ್ನು ಯಜಮಾನರೇ. ನಾನು ಮನೆ ಬಿಟ್ಟದ್ದು ಬೈರಣ್ಣ ಓದಿದ್ದಕ್ಕೆ ಅಂತ ನೀವು ಎರಡು ವರ್ಷ ತಿಳಿದುಕೊಂಡಿರಿ. ಅವರಿಗೆ ಸರಿಯಾಗಿ ಓದಲು ಬರುವುದಿಲ್ಲ, ತಿಳಿಯಲೂ ಬರುವುದಿಲ್ಲ. ನಿಮಗೆ ಎರಡೂ ಬರುತ್ತದೆ. ಅವರು ಮೊದಲನೇ ಅಕ್ಷರ ಕೂಡಿಸುವಾಗಲೇ ನೀವು ಆ ಚೀಟಿ ಕಿತ್ತುಕೊಳ್ಳಬಹುದಿತ್ತು. ಕೈಯಳತೆಯಲ್ಲಿ ನಿಂತಿದ್ದಿರಿ. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದದ್ದು ನಿಮ್ಮ ಕೈಯನ್ನು. ಅದು ಎದೆಯ ಮೇಲೆ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಆಮೇಲೆ ಎರಡು ವರ್ಷ ಕಾದು, ಒಂದು ಹೆಣ್ಣುಮಗಳ ಮದುವೆ ಕೆಡಿಸಲು ಹೋದಿರಿ, ನನ್ನ ಹೆಸರಿನಲ್ಲಿ. ನನ್ನನ್ನು ಒಂದು ಮಾತು ಕೇಳಿದಿರಾ? ವಿಚಾರಣೆ ಇಲ್ಲ ಅನ್ನುವ ನಿಯಮ ನಿಮ್ಮಿಬ್ಬರಿಗೂ ಎಷ್ಟು ಚೆನ್ನಾಗಿ ಒಗ್ಗಿದೆ.

ನಾನು ಬರುತ್ತೇನೆ. ನೀವು ಕರೆದಿರಿ ಅಂತ ಅಲ್ಲ. ನಾಳೆ ಯುಗಾದಿ. ನಾಡಿದ್ದು ಹೊಸತೊಡಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮಾಡುತ್ತೇವೆ ಅಂತ ನಮ್ಮವ್ವ ಹೇಳುತ್ತಿದ್ದಳು. ಎಲ್ಲರ ಮನೆಯಲ್ಲೂ ಬಾಡೂಟ ಬೇಯುವ ಹೊತ್ತಿಗೆ ನೀವಿಬ್ಬರೂ ಟ್ರಾನ್ಸ್‌ಫಾರ್ಮರ್ ಕೆಳಗೆ ಇರಬೇಕು. ನಿಮ್ಮ ಜಿದ್ದಿನಲ್ಲಿ ಆ ತಿಪ್ಪೆ ಎದೆಯೆತ್ತರ ಆಗಿದೆಯಂತೆ, ಜಬೀನ್ ಫೋನಿನಲ್ಲಿ ಹೇಳಿದಳು. ಅದನ್ನು ಇಬ್ಬರೇ ಎತ್ತಬೇಕು. ಯಾವ ಚೀಲವನ್ನೂ ಬಿಚ್ಚಬಾರದು. ಯಾರ ಹೆಸರನ್ನೂ ಓದಬಾರದು. ಒಬ್ಬರ ಜೊತೆ ಒಬ್ಬರು ಮಾತಾಡದಿದ್ದರೂ ನನಗೇನಿಲ್ಲ.

ಖಾದರ್ ಬಾಷಾ ಅಂಗಡಿಯಿಂದ ಒಂದು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂರುತ್ತೇನೆ. ತಮಟೆಯನ್ನು ಚೆನ್ನಾಗಿ ಕಾಯಿಸಿ ತಂದು ನನ್ನ ತೊಡೆಯ ಮೇಲೆ ಇಡಿ. ಯಾರು ಬೆನ್ನು ನೆಟ್ಟಗೆ ಮಾಡಿ ನಿಂತರೂ ಬಡಿಯುತ್ತೇನೆ. ಬೀದಿಯ ಜನ ಬಂದು ನೋಡಲಿ. ಅವತ್ತು ಅವರು ನನ್ನ ಹೊಟ್ಟೆ ನೋಡುವುದಿಲ್ಲ.

ಈ ಕಾಗದಕ್ಕೆ ಏಳು ದಿನದೊಳಗೆ ಉತ್ತರ ಬರೆಯುವುದು ಬೇಡ. ಪೊರಕೆ, ಮಂಕರಿ ತನ್ನಿ.

ಮುನಿಶಾಮಮ್ಮ